ಕ್ರೆಡಿಟ್ ಕಾರ್ಡಿನ ಪ್ರಯಾಣ ಪಾಯಿಂಟ್: ಅದರ ನಿಜವಾದ ಬೆಲೆ ಕಂಡುಕೊಳ್ಳುವ ಬಗೆ



ಇತ್ತೀಚೆಗೆ ನಮ್ಮ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ, ಅದರಲ್ಲೂ ಯುವ ಬೆಳೆಗಾರರಲ್ಲಿ, ಕ್ರೆಡಿಟ್ ಕಾರ್ಡಿನ ಪಾಯಿಂಟುಗಳ ಮಾತು ಹೆಚ್ಚಾಗಿ ಕೇಳಿಬರುತ್ತಿದೆ. ಗೊಬ್ಬರ, ಮೈಲುತುತ್ತ, ಪಂಪ್‌ಸೆಟ್ಟಿನ ಬಿಡಿಭಾಗ ಎಲ್ಲವನ್ನೂ ಕಾರ್ಡಿನಲ್ಲಿ ಕೊಂಡರೆ ಪಾಯಿಂಟ್ ಸೇರುತ್ತದೆ, ಆ ಪಾಯಿಂಟಿನಲ್ಲಿ ವಿಮಾನದ ಟಿಕೆಟ್ ‘ಪುಕ್ಕಟೆ’ ಸಿಗುತ್ತದೆ ಎಂಬುದು ಈ ಮಾತಿನ ಸಾರಾಂಶ. ಮಕ್ಕಳು ಮುಂಬಯಿಯಲ್ಲೋ ದುಬೈಯಲ್ಲೋ ನೌಕರಿಯಲ್ಲಿರುವ ಮನೆಗಳಲ್ಲಿ ಈ ಆಸೆ ಸಹಜವೇ. ಪಾಯಿಂಟಿಗೆ ಬೆಲೆಯೇ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಒಂದು ಪಾಯಿಂಟಿಗೆ ಎಷ್ಟು ಪೈಸೆ ಎಂದು ಕೇಳಿದರೆ ಉತ್ತರ ಕೊಡಬಲ್ಲವರು ಹತ್ತರಲ್ಲಿ ಒಬ್ಬರೂ ಕಾಣಲಿಲ್ಲ. ಆದ್ದರಿಂದ ಈ ಸಂಚಿಕೆಯಲ್ಲಿ ಆ ಲೆಕ್ಕವನ್ನೇ ಪಾಠವಾಗಿ ತೆಗೆದುಕೊಂಡಿದ್ದೇವೆ.

ಮೊದಲೇ ಒಂದು ಗೊಂದಲ ನಿವಾರಿಸಬೇಕು. 1998ರಲ್ಲಿ ಪ್ರಾರಂಭವಾದ ಕಿಸಾನ್ ಕ್ರೆಡಿಟ್ ಕಾರ್ಡ್ ಬೇರೆ, ಇಲ್ಲಿ ಹೇಳುತ್ತಿರುವ ಕಾರ್ಡ್ ಬೇರೆ. ಕಿಸಾನ್ ಕಾರ್ಡ್ ಬೆಳೆಸಾಲದ ಖಾತೆ. ಹೆಸರು ಒಂದೇ ಎಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಕಾಫಿ ಬೆಳೆಗಾರರಿಗೆ ‘ಪಾಯಿಂಟ್’ ಹೊಸ ಶಬ್ದವಲ್ಲ. ಕಾಫಿ ಬೋರ್ಡಿನ ಪೂಲ್ ಪದ್ಧತಿ ಇದ್ದ ಕಾಲದಲ್ಲಿ ನಮ್ಮ ಹಿರಿಯರು ಒಪ್ಪಿಸಿದ ಕಾಫಿಗೆ ಜಾತಿ, ದರ್ಜೆ ನೋಡಿ ಪಾಯಿಂಟ್ ಹಾಕಲಾಗುತ್ತಿತ್ತು. ಪಾಯಿಂಟಿಗೆ ಇಷ್ಟು ರೂಪಾಯಿ ಎಂದು ಬೋರ್ಡು ಕಂತು ಕಂತಾಗಿ ಘೋಷಿಸಿದ ಮೇಲೆಯೇ ಹಣದ ಮುಖ ಕಾಣುತ್ತಿದ್ದುದು. ಆ ಪದ್ಧತಿ 1996ರಲ್ಲಿ ಪೂರ್ಣವಾಗಿ ಕೊನೆಗೊಂಡಿತು. ಚೀಟಿಯಲ್ಲಿ ಬರೆದ ಪಾಯಿಂಟ್ ಹಣವಲ್ಲ, ದರ ಗೊತ್ತಾದ ಮೇಲೆ ಹಣ ಎಂಬುದನ್ನು ಆ ಕಾಲದವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೂ ಪೂಲಿನ ಪಾಯಿಂಟಿನ ಹಿಂದೆ ಬೆಳೆಗಾರ ಒಪ್ಪಿಸಿದ ಕಾಫಿ ಇತ್ತು, ಒಂದು ಕಾಯಿದೆ ಇತ್ತು. ಕಾರ್ಡಿನ ಪಾಯಿಂಟಿನ ಹಿಂದೆ ಇರುವುದು ಬ್ಯಾಂಕಿನವರು ಬರೆದ ಷರತ್ತುಗಳು ಮಾತ್ರ. ಆ ಷರತ್ತುಗಳನ್ನು ಬದಲಿಸುವ ಹಕ್ಕನ್ನೂ ಅವರು ತಮ್ಮಲ್ಲೇ ಇಟ್ಟುಕೊಂಡಿರುತ್ತಾರೆ.

ಈ ಪಾಯಿಂಟ್ ಎಲ್ಲಿಂದ ಬರುತ್ತದೆ? ನಾವು ಕಾರ್ಡ್ ಉಜ್ಜಿದಾಗ ಅಂಗಡಿಯವನು ತನಗೆ ಬರಬೇಕಾದ ಹಣದಲ್ಲಿ ಒಂದಂಶವನ್ನು ಬ್ಯಾಂಕಿಗೆ ಶುಲ್ಕವಾಗಿ ಬಿಟ್ಟುಕೊಡುತ್ತಾನೆ. ಅದರಲ್ಲಿ ಒಂದು ಪಾಲು ನಮಗೆ ಪಾಯಿಂಟಾಗಿ ತಿರುಗಿ ಬರುತ್ತದೆ. ಬ್ಯಾಂಕ್ ಖಾತೆಯಿಂದ ನೇರವಾಗಿ ಮಾಡುವ ಯು.ಪಿ.ಐ. ಪಾವತಿಗೆ 2020ರ ಜನವರಿಯಿಂದ ಅಂಗಡಿಯವನಿಗೆ ಇಂತಹ ಶುಲ್ಕವಿಲ್ಲ. ಶುಲ್ಕವಿಲ್ಲದ ಕಡೆ ಕೊಡುವುದಕ್ಕೂ ಏನಿಲ್ಲ. ಬ್ಯಾಂಕಿನ ಇನ್ನೊಂದು ಆದಾಯ, ಬಿಲ್ಲನ್ನು ಪೂರ್ತಿ ಕಟ್ಟದೆ ಬಾಕಿ ಉಳಿಸಿಕೊಂಡವರ ಬಡ್ಡಿ. ಅದಕ್ಕೆ ಮುಂದೆ ಬರುತ್ತೇವೆ.

ಜಾಹೀರಾತಿನಲ್ಲಿ ‘ಒಂದು ಪಾಯಿಂಟಿಗೆ ಒಂದು ರೂಪಾಯಿಯವರೆಗೆ’ ಎಂದು ಇರುತ್ತದೆ. ಇಲ್ಲಿ ಓದಬೇಕಾದ ಶಬ್ದ ‘ವರೆಗೆ’. ಎ.ಪಿ.ಎಂ.ಸಿ. ದರಪಟ್ಟಿಯಲ್ಲಿ ರಾಶಿ ಅಡಿಕೆಗೆ ಕನಿಷ್ಠ, ಗರಿಷ್ಠ, ಹೆಚ್ಚು ವಹಿವಾಟು ನಡೆದ ದರ ಎಂದು ಮೂರು ಅಂಕಣಗಳಿರುತ್ತವೆ. ಗರಿಷ್ಠ ದರ ನೋಡಿ ಮಗಳ ಮದುವೆಯ ಖರ್ಚು ಲೆಕ್ಕ ಹಾಕುವ ಬೆಳೆಗಾರ ಯಾರೂ ಇಲ್ಲ. ಕಾರ್ಡಿನವರು ಅಚ್ಚು ಹಾಕುವುದು ಗರಿಷ್ಠದ ಅಂಕಣವೊಂದನ್ನೇ.

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ನಾವು ಹಿಡಿದುಕೊಂಡವು, ಯಾವುದೇ ಒಂದು ಬ್ಯಾಂಕಿನವಲ್ಲ. ಸದಸ್ಯರು ತಮ್ಮ ಕಾರ್ಡಿನ ಅಂಕಿಗಳನ್ನು ಈ ಜಾಗದಲ್ಲಿ ಇಟ್ಟು ನೋಡಬೇಕು.

ಒಂದು ಕುಟುಂಬ ವರ್ಷಕ್ಕೆ 3,00,000 ರೂಪಾಯಿ ಖರ್ಚನ್ನು ಕಾರ್ಡಿನಲ್ಲಿ ಮಾಡುತ್ತದೆ ಎನ್ನೋಣ. ಪ್ರತಿ 150 ರೂಪಾಯಿಗೆ 4 ಪಾಯಿಂಟ್. ಮೂರು ಲಕ್ಷಕ್ಕೆ 8,000 ಪಾಯಿಂಟ್ ಎಂದು ಬಾಯಿಲೆಕ್ಕ ಹೇಳುತ್ತದೆ. ಆದರೆ ಅನೇಕ ಕಾರ್ಡುಗಳಲ್ಲಿ ಪೆಟ್ರೋಲ್, ಡೀಸೆಲ್, ಬಾಡಿಗೆ, ಸರ್ಕಾರಿ ಪಾವತಿ ಮುಂತಾದವುಗಳಿಗೆ ಪಾಯಿಂಟ್ ಇಲ್ಲ, ಇಲ್ಲವೇ ಮಿತಿ ಉಂಟು. ಅಂಥವು 60,000 ರೂಪಾಯಿ ಕಳೆದರೆ ಉಳಿಯುವುದು 2,40,000. ಇದಕ್ಕೆ 6,400 ಪಾಯಿಂಟ್. ಇನ್ನು 140 ರೂಪಾಯಿ ಬಿಲ್ಲಿಗೆ ಸೊನ್ನೆ, 290 ರೂಪಾಯಿ ಬಿಲ್ಲಿಗೆ 4 ಮಾತ್ರ. ಹೀಗೆ ಚಿಲ್ಲರೆಯಲ್ಲಿ 400 ಉದುರಿದರೆ ಕೈಗೆ ಬರುವುದು 6,000 ಪಾಯಿಂಟ್. ಚೆರ್ರಿ ಚೀಲ 50 ಕೆ.ಜಿ. ತೂಗಿದರೂ ಹಣ ಎಣಿಸುವುದು ಔಟ್‌ಟರ್ನ್ ಮೇಲೆ. ಇದೂ ಹಾಗೆಯೇ, ಮೊದಲ ಹಂತದಲ್ಲೇ ಕಾಲು ಭಾಗ ಸಿಪ್ಪೆಯಾಗಿ ಹೋಯಿತು.

ಈ 6,000 ಪಾಯಿಂಟನ್ನು ಮಾರುವ ಮಾರುಕಟ್ಟೆ ಒಂದಲ್ಲ. ಬಿಲ್ಲಿಗೇ ವಜಾ ಹಾಕಿಸಿಕೊಂಡರೆ ಪಾಯಿಂಟಿಗೆ 20 ಪೈಸೆ, ಅಂದರೆ 1,200 ರೂಪಾಯಿ. ಬ್ಯಾಂಕಿನವರ ಸಾಮಾನು ಪಟ್ಟಿಯಲ್ಲಿ 6,000 ಪಾಯಿಂಟಿಗೆ ಒಂದು ಮಿಕ್ಸರ್ ಇದೆ, ಅದೇ ಮಿಕ್ಸರ್ ಪೇಟೆಯಲ್ಲಿ 1,800 ರೂಪಾಯಿಗೆ ಸಿಗುತ್ತದೆ ಎಂದರೆ ಪಾಯಿಂಟಿಗೆ 30 ಪೈಸೆ ಬಿತ್ತು. (ಪಟ್ಟಿಯಲ್ಲಿ ಅದರ ‘ಬೆಲೆ’ 3,000 ಎಂದು ಬರೆದಿರಬಹುದು. ಅದನ್ನು ನೋಡಬಾರದು, ಪೇಟೆ ಬೆಲೆಯನ್ನೇ ನೋಡಬೇಕು.) ಬ್ಯಾಂಕಿನ ಮೂಲಕವೇ ಟಿಕೆಟ್ ತೆಗೆದರೆ 50 ಪೈಸೆ. ವಿಮಾನ ಕಂಪನಿಯ ಖಾತೆಗೆ ವರ್ಗಾಯಿಸಿದರೆ ಎರಡು ಪಾಯಿಂಟಿಗೆ ಅವರ ಒಂದು ಮೈಲಿಯಂತೆ 3,000 ಮೈಲಿ. ಈ ಕೊನೆಯದರಲ್ಲಿಯೇ ಲಾಭವೂ ಹೆಚ್ಚು, ಮೋಸಹೋಗುವುದೂ ಹೆಚ್ಚು. ಆದ್ದರಿಂದ ಇದನ್ನು ವಿವರವಾಗಿ ನೋಡೋಣ.

ಮಂಗಳೂರಿನಿಂದ ಮುಂಬಯಿಗೆ ಒಂದು ಟಿಕೆಟ್. ಮೈಲಿ 3,000, ಜೊತೆಗೆ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕವೆಂದು 900 ರೂಪಾಯಿ ನಗದು. ಪಾಯಿಂಟ್ ವರ್ಗಾವಣೆಗೆ ಬ್ಯಾಂಕಿನ ಶುಲ್ಕ 99 ರೂಪಾಯಿ, ಅದರ ಮೇಲೆ ಶೇ. 18 ಜಿ.ಎಸ್.ಟಿ. ಸೇರಿ ಸುಮಾರು 117. ಇದೇ ಟಿಕೆಟಿನ ನಗದು ಬೆಲೆ ಕಂಪನಿಯ ಪಟ್ಟಿಯಲ್ಲಿ 5,200 ಇದೆ, ಆದರೆ ಅದೇ ದಿನ ಇನ್ನೊಂದು ಕಂಪನಿಯ ವಿಮಾನ 4,600ಕ್ಕೆ ಸಿಗುತ್ತದೆ. ನಾವು ಹಣ ಕೊಟ್ಟು ಹೋಗುವುದಾದರೆ ಅಗ್ಗದ್ದನ್ನೇ ಕೊಳ್ಳುತ್ತಿದ್ದೆವು. ಆದ್ದರಿಂದ ಹಿಡಿಯಬೇಕಾದ ಬೆಲೆ 4,600.

4,600ರಲ್ಲಿ 900 ಕಳೆದು, 117 ಕಳೆದರೆ 3,583. ಇದನ್ನು 6,000ದಿಂದ ಭಾಗಿಸಿದರೆ ಪಾಯಿಂಟಿಗೆ ಹತ್ತಿರ ಹತ್ತಿರ 60 ಪೈಸೆ. ಹಣ ಕೊಟ್ಟು ಕೊಂಡ ಟಿಕೆಟಿಗೆ ಮತ್ತೆ 120 ಪಾಯಿಂಟ್ ಬರುತ್ತಿತ್ತು, ಅದೂ ಕಳೆಯಬೇಕು ಎಂದು ಲೆಕ್ಕದ ಮೇಷ್ಟರು ಹೇಳಿಯಾರು. 72 ರೂಪಾಯಿಯ ಆ ಸೂಕ್ಷ್ಮವನ್ನು ಸದ್ಯಕ್ಕೆ ಬಿಟ್ಟಿದ್ದೇವೆ.

60 ಪೈಸೆ ಒಳ್ಳೆಯ ದರವೇ. ಆದರೆ ಇಲ್ಲಿ ಕೇಳಿಕೊಳ್ಳಬೇಕಾದ ಮುಖ್ಯ ಪ್ರಶ್ನೆ ಒಂದಿದೆ: ಪಾಯಿಂಟ್ ಇಲ್ಲದಿದ್ದರೆ ನಾವು ಹೇಗೆ ಹೋಗುತ್ತಿದ್ದೆವು? ಮತ್ಸ್ಯಗಂಧ ರೈಲಿನಲ್ಲಿ ರಾತ್ರಿ ಮಲಗಿ ಹೋಗುವ ಕುಟುಂಬವಾಗಿದ್ದರೆ, ಆ ರೈಲಿನ ಖರ್ಚು 1,600 ರೂಪಾಯಿ ಎಂದು ಹಿಡಿದರೆ, ನಮ್ಮ ಜೇಬಿನಲ್ಲಿ ನಿಜವಾಗಿ ಉಳಿದದ್ದು 1,600ರಲ್ಲಿ 1,017 ಕಳೆದು 583 ರೂಪಾಯಿ. ಪಾಯಿಂಟಿಗೆ 10 ಪೈಸೆಯೂ ಪೂರ್ತಿ ಬರಲಿಲ್ಲ! ವಿಮಾನದಲ್ಲಿ ಹೋದ ಸುಖಕ್ಕೆ, ಉಳಿದ ಸಮಯಕ್ಕೆ ಏನೂ ಬೆಲೆಯಿಲ್ಲವೇ ಎಂದರೆ ಖಂಡಿತ ಇದೆ. ಮೊಣಕಾಲು ನೋವಿನ ತಾಯಿಯವರಿಗೆ ಅದು ದೊಡ್ಡ ಬೆಲೆ. ಅವರವರ ಮನೆಯ ಪಾಯಿಂಟಿನ ಬೆಲೆ ಈ 10 ಪೈಸೆಗೂ 60 ಪೈಸೆಗೂ ನಡುವೆ ಎಲ್ಲೋ ಇದೆ. ಎಲ್ಲಿ ಎಂಬುದನ್ನು ಮನೆಯವರೇ ಹೇಳಬೇಕು, ಬ್ಯಾಂಕಿನವರು ಹೇಳಲಾರರು.

ಇದೇ ತತ್ತ್ವ ವಿದೇಶ ಪ್ರಯಾಣಕ್ಕೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಅಮೆರಿಕದಲ್ಲಿರುವ ಮಗ, ಅಳಿಯ ಹೇಳುತ್ತಾರೆ: ‘ಬಿಸಿನೆಸ್ ಕ್ಲಾಸಿನ ಮೂರು ಲಕ್ಷದ ಟಿಕೆಟನ್ನು ಪಾಯಿಂಟಿನಲ್ಲಿ ತೆಗೆದೆ, ಪಾಯಿಂಟಿಗೆ ಎರಡು ರೂಪಾಯಿ ಸಿಕ್ಕಿತು’. ಮೂರು ಲಕ್ಷ ಕೊಟ್ಟು ಆ ಟಿಕೆಟನ್ನು ಅವರು ಎಂದಾದರೂ ಕೊಳ್ಳುತ್ತಿದ್ದರೇ? ಸಾಮಾನ್ಯ ದರ್ಜೆಯ ಒಂದು ಲಕ್ಷದ ಟಿಕೆಟ್ ಕೊಳ್ಳುವವರಾಗಿದ್ದರೆ ಲೆಕ್ಕಕ್ಕೆ ಹಿಡಿಯಬೇಕಾದ್ದು ಆ ಒಂದು ಲಕ್ಷ. ಉಳಿದದ್ದು ಸುಖ, ಉಳಿತಾಯವಲ್ಲ. ಅಲ್ಲದೆ ಆ ದೇಶದಲ್ಲಿ ಹೊಸ ಕಾರ್ಡಿಗೆ ಕೊಡುವ ಇನಾಮು ಬಹಳ ದೊಡ್ಡದು. ಅವರ ಅನುಭವವನ್ನು ಇಲ್ಲಿಗೆ ತಂದು ನೆಟ್ಟರೆ ಅದೇ ಫಸಲು ಬರುವುದಿಲ್ಲ.

ಇನ್ನು ವಾರ್ಷಿಕ ಶುಲ್ಕ. ಪ್ರಯಾಣದ ಕಾರ್ಡಿಗೆ 2,500 ರೂಪಾಯಿ ಶುಲ್ಕವೆಂದರೆ ಜಿ.ಎಸ್.ಟಿ. ಸೇರಿ 2,950. ವರ್ಷದ ಪಾಯಿಂಟಿನ ಬೆಲೆ 3,583ರಲ್ಲಿ ಇದನ್ನು ಕಳೆದರೆ ಉಳಿಯುವುದು 633 ರೂಪಾಯಿ. ಮೂರು ಲಕ್ಷದ ವಹಿವಾಟಿಗೆ 633! ಅದೇ ಖರ್ಚನ್ನು ವಾರ್ಷಿಕ ಶುಲ್ಕವಿಲ್ಲದೆ ಶೇ. 1 ನಗದು ಹಿಂದಿರುಗಿಸುವ ಸಾದಾ ಕಾರ್ಡಿನಲ್ಲಿ ಮಾಡಿದ್ದರೆ, ಅದೇ 2,40,000ದ ಮೇಲೆ 2,400 ರೂಪಾಯಿ ಬರುತ್ತಿತ್ತು. ಅದನ್ನು ಖರ್ಚು ಮಾಡಲು ವಿಮಾನ ಹತ್ತಬೇಕೆಂದೂ ಇಲ್ಲ. ಇಷ್ಟು ಖರ್ಚು ಮಾಡಿದರೆ ಶುಲ್ಕ ಮನ್ನಾ ಎಂಬ ಷರತ್ತು ಕೆಲವು ಕಾರ್ಡುಗಳಲ್ಲಿ ಇರುತ್ತದೆ. ಹಾಗೆ ಮನ್ನಾ ಆದಲ್ಲಿ, ಹೇಗೂ ವಿಮಾನದ ಟಿಕೆಟ್ ಕೊಳ್ಳುವ ಕುಟುಂಬಕ್ಕೆ 3,583 ಸಿಕ್ಕಿ ಪ್ರಯಾಣದ ಕಾರ್ಡೇ ಮೇಲು. ರೈಲಿನವರಿಗೆ ಸಾದಾ ಕಾರ್ಡೇ ಮೇಲು. ನಮ್ಮ ಅಭಿಪ್ರಾಯದಲ್ಲಿ ನಮ್ಮ ಸಂಘದ ಸದಸ್ಯರಲ್ಲಿ ಬಹುಪಾಲು ಎರಡನೆಯ ಗುಂಪಿನವರು.

ಮನ್ನಾಕ್ಕಾಗಿಯೋ, ‘ಮೂರು ತಿಂಗಳಲ್ಲಿ ಒಂದು ಲಕ್ಷ ಖರ್ಚು ಮಾಡಿದರೆ ಹೆಚ್ಚುವರಿ ಪಾಯಿಂಟ್’ ಎಂಬ ಇನಾಮಿಗಾಗಿಯೋ, ಮುಂದಿನ ವರ್ಷ ಬೇಕಾಗಬಹುದಾದ ಕಳೆ ಕೊಚ್ಚುವ ಯಂತ್ರವನ್ನು ಈ ವರ್ಷವೇ ಕೊಂಡವರೂ ಇದ್ದಾರೆ. ಇದರ ಲೆಕ್ಕವನ್ನು ನಾವು ಮಾಡಿ ತೋರಿಸುವ ಅಗತ್ಯವಿಲ್ಲ.

ಅಂಗಡಿಯ ಕಡೆಯ ವಿಷಯವನ್ನೂ ಗಮನಿಸಬೇಕು. ಕೆಲವು ಗೊಬ್ಬರದಂಗಡಿಗಳಲ್ಲಿ ಕಾರ್ಡ್ ತೋರಿಸಿದರೆ ಶೇ. 2 ಹೆಚ್ಚು ಕೇಳುತ್ತಾರೆ, ಇಲ್ಲವೇ ನಗದಿಗೆ ಬಿಡುವ ರಿಯಾಯಿತಿಯನ್ನು ಬಿಡುವುದಿಲ್ಲ. ಎರಡೂ ಒಂದೇ. 40,000 ರೂಪಾಯಿ ಗೊಬ್ಬರಕ್ಕೆ ಶೇ. 2 ಎಂದರೆ 800. ಅದೇ ಖರೀದಿಗೆ ಬರುವ ಪಾಯಿಂಟ್ 1,064, ಪಾಯಿಂಟಿಗೆ 60 ಪೈಸೆಯಂತೆ 638 ರೂಪಾಯಿ. ಅಂಗಡಿಯ ಬಾಗಿಲಲ್ಲೇ 162 ರೂಪಾಯಿ ನಷ್ಟ.

ಆದರೆ ಇದುವರೆಗೆ ಹೇಳಿದ್ದೆಲ್ಲ ಸಣ್ಣ ಲೆಕ್ಕ. ನಾವು ಈ ಲೇಖನ ಬರೆಯಲು ನಿಜವಾದ ಕಾರಣ ಮುಂದಿನದು.

ನೌಕರಿಯವರಿಗೆ ತಿಂಗಳ ಸಂಬಳ, ಕಾರ್ಡಿಗೆ ತಿಂಗಳ ಬಿಲ್ಲು. ಎರಡಕ್ಕೂ ತಾಳೆಯಾಗುತ್ತದೆ. ನಮ್ಮದು ಹಾಗಲ್ಲ. ಮೇ-ಜೂನಿನಲ್ಲಿ ಗೊಬ್ಬರ, ಮೈಲುತುತ್ತ, ಸುಣ್ಣ, ಕೂಲಿ ಎಂದು ಹಣ ಹೊರಗೆ ಹೋಗುತ್ತದೆ. ಅಡಿಕೆ ಸುಲಿದು ಒಣಗಿ, ಕಾಫಿ ಕೊಯ್ದು ಕಣದಿಂದ ಎದ್ದು, ಮಾರಿ ಕೈಗೆ ಹಣ ಬರುವಾಗ ಜನವರಿ, ಫೆಬ್ರವರಿ, ಕೆಲವೊಮ್ಮೆ ಮಾರ್ಚಿ. ಕಾರ್ಡಿನ ಬಡ್ಡಿರಹಿತ ಅವಧಿ ಹೆಚ್ಚೆಂದರೆ 45ರಿಂದ 50 ದಿನ. ಈ 50 ದಿನಕ್ಕೂ ನಮ್ಮ ಎಂಟು ತಿಂಗಳಿಗೂ ನಡುವಿನ ಕಂದರದಲ್ಲಿ ಪಾಯಿಂಟಿನ ಲಾಭವೆಲ್ಲ ಬಿದ್ದುಹೋಗುತ್ತದೆ.

ಬಡ್ಡಿಯ ದರ ಅನೇಕ ಕಾರ್ಡುಗಳಲ್ಲಿ ತಿಂಗಳಿಗೆ ಶೇ. 3.5ರ ಆಸುಪಾಸು. ವರ್ಷಕ್ಕೆ ಶೇ. 42. ಬಡ್ಡಿಯ ಮೇಲೆ ಮತ್ತೆ ಶೇ. 18 ಜಿ.ಎಸ್.ಟಿ. ಜೂನಿನಲ್ಲಿ ತೆಗೆದ ಅದೇ 40,000 ಬಾಕಿ ನಿಂತರೆ ಒಂದು ತಿಂಗಳಿಗೆ ಬಡ್ಡಿ 1,400, ತೆರಿಗೆ 252, ಒಟ್ಟು 1,652 ರೂಪಾಯಿ. ಅದರಿಂದ ಬಂದ ಪಾಯಿಂಟಿನ ಬೆಲೆ 638 ಎಂದು ಈಗತಾನೇ ಕಂಡೆವು. ಒಂದೇ ತಿಂಗಳ ಬಡ್ಡಿ ಅದರ ಎರಡೂವರೆ ಪಾಲು. ಬಿಲ್ಲಿನಲ್ಲಿ ‘ಕನಿಷ್ಠ ಪಾವತಿ’ ಎಂದು ಇರುವ ಶೇ. 5ರಷ್ಟನ್ನು ಮಾತ್ರ ಕಟ್ಟುತ್ತ ಕಾಫಿ ಮಾರುವವರೆಗೆ ಎಂಟು ತಿಂಗಳು ನೂಕಿದರೆ ಬಡ್ಡಿ ಮತ್ತು ತೆರಿಗೆಯೇ 12,000 ರೂಪಾಯಿ ಆಸುಪಾಸು ಆಗುತ್ತದೆ, ಅಸಲಿನ ಹೆಚ್ಚಿನ ಭಾಗ ಹಾಗೆಯೇ ನಿಂತಿರುತ್ತದೆ. ಹಳೆ ಬಾಕಿ ಇರುವಾಗ ಮಾಡಿದ ಹೊಸ ಖರೀದಿಗೆ ಬಡ್ಡಿರಹಿತ ಅವಧಿ ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಕನಿಷ್ಠ ಮೊತ್ತ ಮಾತ್ರ ಕಟ್ಟಿದರೆ ತೀರುವಳಿ ವರ್ಷಗಟ್ಟಲೆ ಎಳೆಯುತ್ತದೆ ಎಂಬ ಎಚ್ಚರಿಕೆಯನ್ನು ಬಿಲ್ಲಿನಲ್ಲೇ ಮುದ್ರಿಸಬೇಕೆಂದು ರಿಸರ್ವ್ ಬ್ಯಾಂಕು 2022ರ ನಿರ್ದೇಶನದಲ್ಲಿ ವಿಧಿಸಿದೆ. ಬಿಲ್ಲು ಮೊಬೈಲಿಗೆ ಬರುವುದರಿಂದ ಅದನ್ನು ಓದುವವರು ಕಡಿಮೆ.

ಬಡ್ಡಿಗೆ ಮಿತಿ ಇಲ್ಲವೇ ಎಂದು ಕೆಲವರು ಕೇಳಿದ್ದಾರೆ. ಶೇ. 30ಕ್ಕಿಂತ ಹೆಚ್ಚಿನ ಬಡ್ಡಿ ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ತಳ್ಳಿಹಾಕಿದೆ.

ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ, ನಿಗದಿತ ಮಿತಿಯೊಳಗೆ, ಸಕಾಲಕ್ಕೆ ತೀರಿಸುವವರಿಗೆ ಶೂನ್ಯ ಬಡ್ಡಿಯಲ್ಲಿ ಬೆಳೆಸಾಲ ದೊರೆಯುತ್ತದೆ. ಅದರ ಅವಧಿ ಫಸಲಿನ ಅವಧಿಗೆ ಹೊಂದುವಂತೆ ಇದೆ. ಅದಕ್ಕೆ ಪಾಯಿಂಟ್ ಇಲ್ಲ, ಕಾಗದಪತ್ರದ ಓಡಾಟ ಉಂಟು, ಪಹಣಿ ಬೇಕು. ಇಷ್ಟಾದರೂ ಗೊಬ್ಬರದ ಖರ್ಚಿಗೆ ಅದನ್ನು ಬಿಟ್ಟು ಕಾರ್ಡಿನ ಬಾಕಿಯನ್ನು ಆರಿಸಿಕೊಳ್ಳುವುದಕ್ಕೆ ಯಾವ ಕಾರಣವೂ ನಮಗೆ ಕಾಣುವುದಿಲ್ಲ. ಇನ್ನೊಂದು ಸಂಗತಿಯನ್ನು ಯುವಕರು ಗಮನಿಸಬೇಕು. ವಾಯಿದೆ ಮೀರಿ ಮೂರು ದಿನಕ್ಕಿಂತ ಹೆಚ್ಚಾದರೆ ಬ್ಯಾಂಕಿನವರು ಅದನ್ನು ಸಿಬಿಲ್ ಮುಂತಾದ ಸಂಸ್ಥೆಗಳಿಗೆ ಬಾಕಿ ಎಂದು ವರದಿ ಮಾಡಬಹುದು. ಸಾವಿರ ರೂಪಾಯಿ ಕಾರ್ಡ್ ಬಾಕಿಯ ಆ ದಾಖಲೆ ಮುಂದೆ ಲಕ್ಷದ ಸಾಲದ ಅರ್ಜಿಗೆ ಅಡ್ಡ ಬರುವುದುಂಟು.

ಹಾಗಾದರೆ ಕಾರ್ಡ್ ಯಾರಿಗೆ? ಹಾಲು, ಬಾಡಿಗೆ ಅಥವಾ ಮನೆಯಲ್ಲೊಬ್ಬರ ಸಂಬಳ ಹೀಗೆ ತಿಂಗಳ ವರಮಾನ ಇರುವವರು, ಇಲ್ಲವೇ ಕಳೆದ ಫಸಲಿನ ಹಣವನ್ನು ಬ್ಯಾಂಕಿನಲ್ಲಿ ಇಟ್ಟುಕೊಂಡು ಖರ್ಚು ಮಾಡುವವರು ಧಾರಾಳವಾಗಿ ಬಳಸಬಹುದು. ಪ್ರತಿ ಬಿಲ್ಲೂ ಪೂರ್ತಿಯಾಗಿ ಖಾತೆಯಿಂದ ತಾನೇ ಪಾವತಿಯಾಗುವಂತೆ ಬ್ಯಾಂಕಿಗೆ ಬರೆದುಕೊಡಬೇಕು. ಅಂಥವರಿಗೆ 50 ದಿನದ ಬಡ್ಡಿರಹಿತ ಅವಧಿ, ಪಾಯಿಂಟ್ ಎರಡೂ ನಿಜವಾದ ಲಾಭ.

ಪಾಯಿಂಟ್ ಕೂಡಿಸಿ ಇಡುವವರಿಗೆ ಒಂದು ಮಾತು. ಚಾಲಿ ಅಡಿಕೆಯನ್ನು ಉಗ್ರಾಣದಲ್ಲಿ ಇಟ್ಟರೆ ದರ ಏರಲೂಬಹುದು, ಇಳಿಯಲೂಬಹುದು. ಪಾಯಿಂಟನ್ನು ಇಟ್ಟರೆ ಏರಿದ್ದನ್ನು ನಾವು ಕಂಡಿಲ್ಲ. ವಿಮಾನ ಕಂಪನಿಗಳ ಇಂತಹ ಯೋಜನೆಗಳು ವ್ಯಾಪಕವಾದದ್ದು 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಯೋಜನೆ ಆರಂಭಿಸಿದ ಮೇಲೆ. ಮೊದಲು ಇಷ್ಟು ದೂರಕ್ಕೆ ಇಷ್ಟು ಮೈಲಿ ಎಂಬ ಪಟ್ಟಿ ಇರುತ್ತಿತ್ತು. ಅಲ್ಲಿಯ ಡೆಲ್ಟಾ ಕಂಪನಿ 2015ರಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಈಗ ಅನೇಕ ಕಂಪನಿಗಳಲ್ಲಿ ಟಿಕೆಟಿನ ದರ ಏರಿದಂತೆ ಬೇಕಾಗುವ ಪಾಯಿಂಟೂ ಏರುತ್ತದೆ. ಕಂಪನಿಯೇ ಮುಳುಗಿದರೆ? ನಮ್ಮ ಬೆಂಗಳೂರಿನ ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿತು. ಅದರ ಮೈಲಿ ಕೂಡಿಸಿಟ್ಟವರಿಗೆ ಆ ಮೈಲಿಯಲ್ಲಿ ಹತ್ತಲು ಅದರ ವಿಮಾನವೇ ಉಳಿಯಲಿಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ನಿಂತಿತು. ವಿಸ್ತಾರ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾಗಿ, ಅದರ ಪಾಯಿಂಟುಗಳು ಏರ್ ಇಂಡಿಯಾದ ಯೋಜನೆಗೆ ಸೇರಿದವು. ಆದ್ದರಿಂದ ಪ್ರಯಾಣದ ದಿನ ನಿಶ್ಚಯವಾಗಿ, ಸೀಟು ಇದೆಯೆಂದು ಕಂಡುಕೊಂಡ ಮೇಲೆಯೇ ಬ್ಯಾಂಕಿನಿಂದ ವಿಮಾನ ಕಂಪನಿಗೆ ವರ್ಗಾಯಿಸಬೇಕು. ವರ್ಗಾಯಿಸಿದ್ದು ಸಾಮಾನ್ಯವಾಗಿ ಹಿಂದಕ್ಕೆ ಬರುವುದಿಲ್ಲ. ನಮಗೆ ಕೊಯ್ಲು ಮುಗಿದು ಬಿಡುವಾಗುವುದು ಏಪ್ರಿಲ್-ಮೇ. ಶಾಲೆಗಳಿಗೆ ರಜೆ ಇರುವುದೂ, ಪಾಯಿಂಟಿನ ಸೀಟು ಸಿಗದಿರುವುದೂ ಅದೇ ಕಾಲದಲ್ಲಿ ಎಂಬುದು ನೆನಪಿರಲಿ.

ಕಾರ್ಡ್ ಬೇಡವೆಂದು ನಿರ್ಧರಿಸಿದವರು ಮೊದಲು ಪಾಯಿಂಟುಗಳನ್ನು ಬಿಲ್ಲಿಗೆ ವಜಾ ಹಾಕಿಸಿಕೊಳ್ಳಬೇಕು. ಕಾರ್ಡ್ ಮುಚ್ಚಿದ ಮೇಲೆ ಅವು ಸಿಕ್ಕುವ ಭರವಸೆ ಇಲ್ಲ. ನಂತರ ಬಾಕಿಯನ್ನು ಪೂರ್ತಿ ತೀರಿಸಿ, ಮುಚ್ಚುವಂತೆ ಲಿಖಿತ ಕೋರಿಕೆ ಕೊಟ್ಟು ಅದರ ಸ್ವೀಕೃತಿ ಪಡೆಯಬೇಕು. ಬಾಕಿ ಇಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳೊಳಗೆ ಮುಚ್ಚದಿದ್ದರೆ ತಡವಾದ ಪ್ರತಿ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕು ಗ್ರಾಹಕನಿಗೆ ಕೊಡಬೇಕೆಂದು 2022ರ ಅದೇ ನಿರ್ದೇಶನದಲ್ಲಿದೆ. ಕೇಳದೆ ಕಳಿಸಿದ ಕಾರ್ಡಿಗೆ ಶುಲ್ಕ ಹಾಕಿದ್ದರೆ ಅದನ್ನು ಹಿಂದಿರುಗಿಸುವುದಲ್ಲದೆ ಅದರ ಎರಡರಷ್ಟು ದಂಡವನ್ನೂ ಕೊಡಬೇಕು. ತಮ್ಮ ಕಾರ್ಡಿನ ಲೆಕ್ಕ ಹಾಕಿಸಿಕೊಳ್ಳಬಯಸುವ ಸದಸ್ಯರು ಕೊನೆಯ ಮೂರು ತಿಂಗಳ ಬಿಲ್ಲು ಮತ್ತು ಪಾಯಿಂಟಿನ ಷರತ್ತಿನ ಪ್ರತಿಯೊಂದಿಗೆ ಕಚೇರಿ ವೇಳೆಯಲ್ಲಿ ನಮ್ಮನ್ನು ಕಾಣಬಹುದು. ಕಾರ್ಡನ್ನಾಗಲಿ ಗುಪ್ತಸಂಖ್ಯೆಯನ್ನಾಗಲಿ ತರುವ ಅಗತ್ಯವಿಲ್ಲ.